ಬಚ್ಚಲುಮನೆಯ ಬಾಯ್ಲರಿನ ವಿಚಾರಣೆ

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿದು ನಿವೃತ್ತಳಾದ ಮೇಲೆ ನನ್ನ ಕೈಯಲ್ಲಿ ಉಳಿದ ಅಧಿಕಾರ ಒಂದೇ: ಬಚ್ಚಲುಮನೆಯ ತಾಮ್ರದ ಬಾಯ್ಲರಿನ ಉಸ್ತುವಾರಿ. ಇದಕ್ಕೆ ವರ್ಗಾವಣೆಯ ಭಯವಿಲ್ಲ, ಮೇಲಧಿಕಾರಿಗಳ ಕಾಟವಿಲ್ಲ ಎಂದುಕೊಂಡಿದ್ದೆ. ಮೇಲಧಿಕಾರಿಗಳಿಲ್ಲದ ಕಡೆ ಗಂಡ ಇರುತ್ತಾರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಯ ಮುಂಭಾಗದಲ್ಲಿ ಸಂಸಾರ, ಹಿಂಭಾಗದಲ್ಲಿ ಮಗ್ಗ. ನಮ್ಮದೂ ಹಾಗೆಯೇ. ಹಿತ್ತಲಿನ ಶೆಡ್ಡಿನಲ್ಲಿ ನನ್ನ ಗಂಡನ ಎರಡು ಪವರ್‌ಲೂಮ್‌ಗಳು ದಿನವಿಡೀ ಹೊಡೆದುಕೊಳ್ಳುತ್ತಿರುತ್ತವೆ. ಆ ಶೆಡ್ಡಿಗೂ ಬಚ್ಚಲುಮನೆಗೂ ನಡುವೆ ಒಂದೇ ಗೋಡೆ. ಮುಂದೆ ನಡೆದದ್ದಕ್ಕೆಲ್ಲ ಆ ಗೋಡೆಯೇ ಕಾರಣ.

ಬಾಯ್ಲರ್ ನನ್ನ ಮಾವನವರು ತಂದದ್ದು. ಸೊಂಟದೆತ್ತರದ ತಾಮ್ರದ ಡೋಲು. ಹೊಟ್ಟೆಯ ನಡುವೆ ಒಂದು ಕೊಳವೆ. ಕೊಳವೆಯ ಕೆಳಗೆ ಬೆಂಕಿ, ಮೇಲೆ ಹೊಗೆ, ಸುತ್ತಲೂ ನೀರು. ಇದಕ್ಕೆ ನಲ್ಲಿ ಇಲ್ಲ. ಒಂದು ಪಕ್ಕದಲ್ಲಿ ಆಲಿಕೆ, ಇನ್ನೊಂದು ಪಕ್ಕದಲ್ಲಿ ಸೊಂಡಿಲು. ಆಲಿಕೆಗೆ ಒಂದು ಚೆಂಬು ತಣ್ಣೀರು ಸುರಿದರೆ ಅದು ತಳಕ್ಕಿಳಿದು, ಮೇಲಿನ ಒಂದು ಚೆಂಬು ಬಿಸಿನೀರನ್ನು ಸೊಂಡಿಲಿನಿಂದ ಆಚೆಗೆ ತಳ್ಳುತ್ತದೆ. ಸುರಿಯದವರಿಗೆ ಒಂದು ಹನಿಯೂ ಸಿಗುವುದಿಲ್ಲ. ಶಿಫಾರಸು ನಡೆಯದ ಕಚೇರಿ ಎಂದು ನಾನು ಕಂಡದ್ದು ಇದೊಂದನ್ನೇ. ಇನ್ನೊಂದು ಅನುಕೂಲವೂ ಇದೆ. ತೆಗೆದಷ್ಟು ಹಾಕಲೇಬೇಕಾದ್ದರಿಂದ ಬಾಯ್ಲರ್ ಎಂದೂ ಬರಿದಾಗುವುದಿಲ್ಲ. ಬರಿದಾದ ಬಾಯ್ಲರಿಗೆ ಬೆಂಕಿ ಹಾಕಿದರೆ ಅದರ ಬೆಸುಗೆ ಮೇಣದ ಹಾಗೆ ಕರಗಿ ಕೆಳಗಿಳಿಯುತ್ತದೆ. ಆಮೇಲೆ ಅದು ಬಾಯ್ಲರ್ ಅಲ್ಲ, ತಾಮ್ರದ ತಗಡು.

ಉಸ್ತುವಾರಿ ಎಂದೆನಲ್ಲ, ಅದು ಸುಮ್ಮನೆ ಬಾಯಿಮಾತಲ್ಲ. ದಿನಾ ಬೆಳಗ್ಗೆ ಬೂದಿ ತೆಗೆಯಬೇಕು. ಅದು ನುಗ್ಗೆಗಿಡದ ಬುಡಕ್ಕೆ ಹೋಗುತ್ತದೆ. ಆಗಾಗ ಉದ್ದನೆಯ ಬಿದಿರುಕಡ್ಡಿಯ ತುದಿಗೆ ಗೋಣಿತಾಟು ಸುತ್ತಿ ಚಿಮಣಿಯೊಳಗೆ ಇಳಿಸಿ ಮಸಿ ಉದುರಿಸಬೇಕು. ಆ ದಿನ ನನ್ನ ಮುಖ ನೋಡಿದವರು ಯಾರ ಮನೆಯಲ್ಲಿ ಏನಾಯಿತೋ ಎಂದು ಗಾಬರಿಯಾಗುತ್ತಾರೆ. ಇನ್ನು ಸೌದೆ. ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟಗಳಲ್ಲಿ ಕತ್ತರಿಸಿ ಹಾಕಿದ ಬಳ್ಳಿ, ರೇಷ್ಮೆ ಸಾಕುವವರ ಮನೆಯ ಹಿಪ್ಪುನೇರಳೆ ಕಡ್ಡಿ, ತೆಂಗಿನ ಮಟ್ಟೆ, ಕರಟ. ಒಂದೊಂದಕ್ಕೂ ಒಂದೊಂದು ಗುಣ. ದ್ರಾಕ್ಷಿಬಳ್ಳಿ ಮುಂಗೋಪಿ; ಭಗ್ಗೆಂದು ಹತ್ತಿ ಅಷ್ಟೇ ಬೇಗ ತಣ್ಣಗಾಗುತ್ತದೆ. ಹಿಪ್ಪುನೇರಳೆ ಕಡ್ಡಿ ಪಿಂಚಣಿಯ ಹಾಗೆ. ಹೆಚ್ಚಿಲ್ಲ, ಆದರೆ ನಿಲ್ಲದೆ ಬರುತ್ತದೆ. ಕರಟ ಹತ್ತುವುದು ನಿಧಾನ, ಹತ್ತಿದ ಮೇಲೆ ಬಿಡುವುದಿಲ್ಲ. ನಮ್ಮ ಅತ್ತೆಯ ಸ್ವಭಾವ.

ಇಷ್ಟೆಲ್ಲ ಯಾಕೆ ಮಾಡುತ್ತೇನೆಂದರೆ, ಎಲ್ಲರೂ ಏಳುವ ಮುಂಚೆ ಆ ಬೆಂಕಿಯ ಮುಂದೆ ಮಣೆ ಹಾಕಿಕೊಂಡು ನಾನು ಒಂದು ಲೋಟ ಕಾಫಿ ಕುಡಿಯುತ್ತೇನೆ. ಆ ಹೊತ್ತಿನಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಕೆಲಸಕ್ಕೆ ಹೋಗುತ್ತಿದ್ದಾಗಲೂ ಇದು ಇತ್ತು, ಈಗಲೂ ಇದೆ. ಬಾಯ್ಲರ್ ಹೋದರೆ ಇದೂ ಹೋಗುತ್ತದೆ. ಆದರೆ ಇಂಥ ಕಾರಣಗಳನ್ನು ಮನೆಯ ಮಾತುಕತೆಯಲ್ಲಿ ಮಂಡಿಸಲು ಬರುವುದಿಲ್ಲ. ಹಾಗಾಗಿ ನಾನು ಯಾವಾಗಲೂ ವಿದ್ಯುತ್ ಬಿಲ್ಲಿನ ವಿಷಯ ಎತ್ತುತ್ತಿದ್ದೆ.

ತಕರಾರು ಶುರುವಾದದ್ದು ಒಂದು ಸೀರೆಯಿಂದ. ಗಂಡ ಮಗ್ಗದಿಂದ ಇಳಿಸಿದ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು, ಹೆಣ ತಂದವರಂತೆ ಅಡುಗೆಮನೆ ಬಾಗಿಲಿಗೆ ಬಂದರು.

"ನೋಡೇ ಇಲ್ಲಿ. ಕೆನೆ ಬಣ್ಣದ ಸೀರೆ. ಮೇಲೆ ಕಾಗೆ ನಡ್ಕೊಂಡು ಹೋದಂಗೆ ಮಸಿ."

"ಬೆಂಕಿ ಹಾಕಿದಾಗ ಕಿಟಕಿ ಮುಚ್ಚಿ ಅಂದಿದ್ನಲ್ರೀ."

"ಕಿಟಕಿ ಮುಚ್ಚಿದ್ರೆ ಆ ಶೆಡ್ಡಲ್ಲಿ ನಾನು ಬೇಯ್ತೀನಿ. ಆಮೇಲೆ ನಿಂಗೆ ಬಾಯ್ಲರ್ರೇ ಬೇಡ, ನನ್ ಮೇಲೇ ನೀರು ಕಾಯಿಸ್ಕೋಬೋದು."

ಅವರ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಚಿಮಣಿಯ ಬಾಯಿ ಶೆಡ್ಡಿನ ಕಿಟಕಿಗೆ ನೇರವಾಗಿತ್ತು. ಗಾಳಿ ಆ ಕಡೆಗೆ ಬೀಸಿದರೆ ಹೊಗೆ ಸೀದಾ ಮಗ್ಗದ ನೂಲಿನ ಮೇಲೆ. ಆದರೆ ಅಷ್ಟಕ್ಕೇ ನಿಲ್ಲಿಸುವ ಮನುಷ್ಯ ಅವರಲ್ಲ. ಗೋಡೆ ಒಡೆದು ಬಚ್ಚಲುಮನೆಯ ಆ ಭಾಗವನ್ನು ಶೆಡ್ಡಿಗೆ ಸೇರಿಸಿಕೊಂಡರೆ ಮೂರನೇ ಮಗ್ಗ ಕೂರಿಸಬಹುದು, ಸ್ನಾನಕ್ಕೆ ಹೇಗೂ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದ್ದೇವೆ ಎಂದು ಅಳತೆ ಟೇಪು ಹಿಡಿದು ನಿಂತರು.

ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದವರು ಅಲ್ಲಿಂದಲೇ ಕೇಳಿದರು: "ಬಿಸಿಲು ಬಂದಾಗ ಬಿಸಿನೀರು ಯಾರಿಗ್ಲಾ ಬೇಕು? ಮೋಡ ಮುಚ್ಕೊಂಡಾಗ ಅಲ್ವೇನೋ ಬೇಕಾಗೋದು?"

"ಮೋಡ ಇದ್ರೆ ಕರೆಂಟಲ್ಲಿ ಕಾಯುತ್ತೆ ಕಣಮ್ಮ."

"ಮೋಡ ಇದ್ದಾಗ ಕರೆಂಟ್ ಎಲ್ಲಿರುತ್ತೆ?"

ಗಂಡ ಟೇಪು ಸುತ್ತಿಕೊಂಡರು. ಅತ್ತೆ ಮುಂದುವರಿದು ತಮ್ಮ ತೀರ್ಪನ್ನೂ ಹೇಳಿಬಿಟ್ಟರು. ನಮ್ಮ ಮಗಳ ಮದುವೆಯಾಗಿ ಇದು ಮೊದಲ ದೀಪಾವಳಿ. ಅಳಿಯ ಬರುತ್ತಾನೆ. ಅವನ ಮೊದಲ ಎಣ್ಣೆನೀರು ಈ ಬಾಯ್ಲರಿನದ್ದೇ ಆಗಬೇಕು. ಆಮೇಲೆ ಗೋಡೆಯಾದರೂ ಒಡೆದುಕೊ, ತಲೆಯಾದರೂ ಒಡೆದುಕೊ. ಹೀಗೆ ಪ್ರಕರಣ ಹಬ್ಬದವರೆಗೆ ಮುಂದಕ್ಕೆ ಹೋಯಿತು.

ಹಬ್ಬ ಹತ್ತಿರವಾದಾಗ ಒಂದು ವಿಚಿತ್ರ ನಡೆಯಿತು. ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಗಂಡ ಪಂಚೆ ಮೇಲೆ ಕಟ್ಟಿ ಬಾಯ್ಲರ್ ತೊಳೆಯುತ್ತಿದ್ದರು. ಇಷ್ಟು ವರ್ಷದಲ್ಲಿ ಅದರ ಬೂದಿಯನ್ನು ಮುಟ್ಟದ ಮನುಷ್ಯ. ನಮ್ಮ ಕೊಳವೆಬಾವಿಯ ನೀರಿನಲ್ಲಿ ಸುಣ್ಣ ಜಾಸ್ತಿ. ವರ್ಷವರ್ಷವೂ ಅದು ಬಾಯ್ಲರಿನ ಒಳಗೆ ಹಪ್ಪಳದಂತೆ ಕಟ್ಟಿಕೊಳ್ಳುತ್ತದೆ. ನಾನು ವರ್ಷಕ್ಕೊಮ್ಮೆ ಹುಣಸೆಹಣ್ಣಿನ ನೀರು ತುಂಬಿಸಿ, ಒಂದು ರಾತ್ರಿ ಬಿಟ್ಟು, ಮೇಲುಮೇಲಿನದನ್ನು ಮಾತ್ರ ಬಿಡಿಸುತ್ತಿದ್ದೆ. ಇವರು ಟೈಲ್ಸ್ ತೊಳೆಯುವ ಆಸಿಡ್ಡಿನ ಬಾಟಲಿಯನ್ನೇ ಆಲಿಕೆಗೆ ಬಗ್ಗಿಸಿದ್ದರು. ಬಚ್ಚಲಿನ ತೂಬಿನ ಬಳಿ ಸುಣ್ಣದ ಚಕ್ಕೆಗಳು ರಾಶಿ ಬಿದ್ದಿದ್ದವು.

"ಹೆಂಗಿದೆ?" ಎಂದರು. "ಒಳಗೆಲ್ಲಾ ಹೊಸ ಪಾತ್ರೆ ಆದಂಗಾಗಿದೆ."

ಹೊಸ ಪಾತ್ರೆಗೆ ನೀರು ತುಂಬಿಸಿ ಬೆಂಕಿ ಹಾಕಿದೆ. ಸ್ವಲ್ಪ ಹೊತ್ತಿಗೆ ಕೆಂಡದೊಳಗಿಂದ ಚುಸ್ ಎಂದಿತು. ಇನ್ನೊಮ್ಮೆ ಚುಸ್. ಬಗ್ಗಿ ನೋಡಿದರೆ ತಳದ ಬೆಸುಗೆಯ ಹತ್ತಿರದಿಂದ ಹನಿ ಹನಿಯಾಗಿ ನೀರು ಬೆಂಕಿಗೆ ಬೀಳುತ್ತಿತ್ತು. ವಿಷಯ ಸ್ಪಷ್ಟವಾಗಿತ್ತು. ಬೆಸುಗೆ ಯಾವ ಕಾಲದಲ್ಲೋ ಬಿಟ್ಟಿತ್ತು. ಇಷ್ಟು ದಿನ ನೀರನ್ನು ಹಿಡಿದುಕೊಂಡಿದ್ದದ್ದು ಆ ಸುಣ್ಣವೇ. ಸುಣ್ಣಕ್ಕೆ ನಿವೃತ್ತಿ ಕೊಟ್ಟ ದಿನವೇ ಕಚೇರಿ ಸೋರತೊಡಗಿತು.

ನಾನು ಗಂಡನ ಮುಖ ನೋಡಿದೆ.

"ಬೇಕಂತ ಮಾಡಿದ್ರಾ?"

"ನಿನ್ನಾಣೆ ಇಲ್ಲ ಕಣೇ. ಅಳಿಯ ಬರ್ತಾನಲ್ಲ, ಚೆನ್ನಾಗಿರ್ಲಿ ಅಂತ ಮಾಡ್ದೆ."

ನಿಜವೇ ಇರಬೇಕು. ಬೇಕೆಂದು ಮಾಡುವುದಿದ್ದರೆ ಅವರು ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ.

ಜಗಲಿಯಿಂದ ಅತ್ತೆ ಮಗನಿಗೆ ಮಂಗಳಾರತಿ ಎತ್ತಿದರು. ಅದನ್ನು ಕೇಳಲಾರದೆ ಗಂಡ ಒಂದು ಒಪ್ಪಂದಕ್ಕೆ ಬಂದರು. ದುರಸ್ತಿ ಮಾಡಿಸೋಣ. ನೀರು ತುಂಬುವ ಹಬ್ಬದ ಸಂಜೆ ತುಂಬಿಸಿದ ನೀರು ಬೆಳಗಿನವರೆಗೆ ನಿಂತರೆ ಬಾಯ್ಲರ್ ಇರಲಿ. ಹೊಗೆ ಶೆಡ್ಡಿಗೆ ಬರದ ಹಾಗೆ ಚಿಮಣಿಗೆ ಇನ್ನೊಂದು ಪೈಪು ಜೋಡಿಸುವ ಜವಾಬ್ದಾರಿ ಅವರದು. ರಾತ್ರಿ ಸೋರಿ ಕಮ್ಮಿಯಾಗಿದ್ದರೆ ಬಾಯ್ಲರ್ ಗುಜರಿಗೆ, ಗೋಡೆ ನೆಲಕ್ಕೆ. ಅತ್ತೆ ಒಪ್ಪಿದರು. ನನಗೂ ಒಪ್ಪದೆ ಬೇರೆ ದಾರಿಯಿರಲಿಲ್ಲ.

ಈ ಪರೀಕ್ಷೆಯ ಕಟ್ಟುನಿಟ್ಟು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲುಮನೆ ತೊಳೆದು, ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಕಟ್ಟಿ, ನೀರು ತುಂಬಿ ಪೂಜೆ ಮಾಡುತ್ತೇವೆ. ಪೂಜೆಯಾದ ಮೇಲೆ ನಸುಕಿನವರೆಗೆ ಆ ನೀರನ್ನು ಮುಟ್ಟುವ ಹಾಗಿಲ್ಲ. ತೆಗೆಯುವಂತಿಲ್ಲ, ಸೇರಿಸುವಂತಿಲ್ಲ. ಮರುದಿನ ನಸುಕಿನಲ್ಲಿ ಅದೇ ನೀರು ಕಾಯಿಸಿ ಎಣ್ಣೆಸ್ನಾನ. ಅಂದರೆ ಸೋರಿದರೆ ಕದ್ದುಮುಚ್ಚಿ ಒಂದು ಕೊಡ ಸುರಿದು ಸರಿಮಾಡುವ ದಾರಿಯೂ ಇಲ್ಲ.

ಈಗ ತಾಮ್ರದ ಬಾಯ್ಲರಿಗೆ ಬೆಸುಗೆ ಹಾಕುವವರನ್ನು ಹುಡುಕುವುದು ಸುಲಭವಲ್ಲ. ಪಾತ್ರೆ ಅಂಗಡಿಯವರು ಹೊಸದನ್ನು ಕೊಳ್ಳಿ ಎಂದರು. ಕೊನೆಗೆ ಗಂಡನಿಗೇ ಒಂದು ಉಪಾಯ ಹೊಳೆಯಿತು. ಲಾರಿ, ಟ್ರ್ಯಾಕ್ಟರುಗಳ ರೇಡಿಯೇಟರು ಕೂಡ ತಾಮ್ರ ಹಿತ್ತಾಳೆಯದ್ದೇ ಅಲ್ಲವೆ? ಬಾಯ್ಲರನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿ, ಕೆಳಗೆ ಹಳೆಯ ಹಾಸಿಗೆ ಹಾಸಿ, ದೇವನಹಳ್ಳಿ ರಸ್ತೆಯ ಒಂದು ರೇಡಿಯೇಟರ್ ಅಂಗಡಿಗೆ ಒಯ್ದೆವು. ದಾರಿಯುದ್ದಕ್ಕೂ ನಾನು ಅದರ ಸೊಂಡಿಲು ಹಿಡಿದುಕೊಂಡು ಕೂತಿದ್ದೆ. ನೋಡಿದವರಿಗೆ ರೋಗಿಯನ್ನು ಆಸ್ಪತ್ರೆಗೆ ಒಯ್ಯುವಂತೆ ಕಂಡಿರಬೇಕು. ಒಬ್ಬರು ದಾರಿ ಬಿಟ್ಟುಕೊಟ್ಟರು.

ಅಂಗಡಿಯವನು ಲಾರಿಯ ಕೆಳಗಿಂದ ಹೊರಬಂದು ಅದನ್ನು ಸುತ್ತಲೂ ನೋಡಿದ.

"ಯಾವ್ ಗಾಡೀದು ಸಾರ್ ಇದು?"

"ಗಾಡೀದಲ್ಲಪ್ಪ. ಬಚ್ಚಲುಮನೇದು."

"ಸ್ನಾನದ್ದಾ?" ಅವನು ನನ್ನ ಕಡೆ ತಿರುಗಿದ. "ಅಲ್ಲಕ್ಕಾ, ಇಷ್ಟ್ ದೊಡ್ಡ ರೇಡಿಯೇಟ್ರು ಇಟ್ಕೊಂಡು ಬರೀ ಸ್ನಾನ ಮಾಡ್ತೀರಾ? ಇದ್ರಲ್ಲಿ ಟಿಪ್ಪರ್ ಓಡ್ಸ್‌ಬೋದು."

ಮಾತು ಬಹಳ, ಕೆಲಸವೂ ಅಷ್ಟೇ ಜೋರು. ಆಲಿಕೆ, ಸೊಂಡಿಲುಗಳಿಗೆ ರಬ್ಬರ್ ಬಿರಡೆ ಹಾಕಿ, ಒಳಗೆ ಗಾಳಿ ತುಂಬಿ, ಬಾಯ್ಲರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದ. ತಳದ ಅಂಚಿನಲ್ಲಿ ಒಂದು ಕಡೆ ಗುಳ್ಳೆ ಎದ್ದಿತು. ಒಂದೇ ತೂತು ಎಂದು ಘೋಷಿಸಿ ಬೆಸುಗೆ ಹಾಕಿದ. ಮತ್ತೆ ಮುಳುಗಿಸಿದ. ಗುಳ್ಳೆ ಪಕ್ಕದಿಂದ ಎದ್ದಿತು.

"ಇದು ಈಗ ಬಂದಿದ್ದು," ಎಂದ ಗಂಭೀರವಾಗಿ.

"ನೀನು ಕಾಯ್ಸಿದ್ಕೆ ಬಂತಾ?" ಗಂಡ ಕೇಳಿದರು.

"ಅಯ್ಯೋ, ನಾನ್ಯಾಕೆ ತರ್ಲಿ ಸಾರ್? ಅದೇ ಇತ್ತು, ನಾಚ್ಕೊಂಡು ಕೂತಿತ್ತು."

ನಾಚಿಕೊಂಡಿದ್ದ ಇನ್ನೊಂದನ್ನೂ ಹೊರಗೆಳೆದು ಮುಚ್ಚಿದ ಮೇಲೆ ಗುಳ್ಳೆ ನಿಂತಿತು. ಗ್ಯಾರಂಟಿ ಇದೆಯೇ ಎಂದು ಕೇಳಿದೆ.

"ಲಾರಿಗಾದ್ರೆ ಕೊಡ್ತೀನಿ ಅಕ್ಕಾ. ಡ್ರೈವರ್ ದಿನಾ ನೀರು ನೋಡ್ತಾನೆ. ನಿಮ್ಮನೇಲಿ ಯಾರ್ ನೋಡ್ತಾರೆ? ನೀರು ತುಂಬಿದೆ ಅಂತ ಖಾತ್ರಿ ಆಗ್ದೆ ಬೆಂಕಿ ಹಾಕಿದ್ರೆ ನನ್ ಬೆಸುಗೆ ಎಲ್ಲಾ ಬೂದಿಗ್ ಬೀಳುತ್ತೆ. ಆಮೇಲೆ ನನ್ ಹೆಸ್ರು ಹೇಳ್ಬೇಡಿ."

ಹಬ್ಬದ ಹಿಂದಿನ ದಿನ ಮಗಳು ಅಳಿಯ ಬಂದರು. ಅಳಿಯ ಸೋಂಪುರದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಒಳ್ಳೆಯ ಹುಡುಗ, ಏನು ಕೊಟ್ಟರೂ ಬೇಡ ಎನ್ನುವುದು ಅವನಿಗೆ ಬರುವುದಿಲ್ಲ. ಸಂಜೆ ಬಾಯ್ಲರಿಗೆ ಪಟ್ಟೆ ಬಳಿದೆವು, ಬಳ್ಳಿ ಕಟ್ಟಿದೆವು. ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಆಲಿಕೆಗೆ ಕೊಡ ಬಗ್ಗಿಸಿದರು. ಸೊಂಡಿಲಿನಿಂದ ನೀರು ಇಣುಕಿದಾಗ ತುಂಬಿತು ಎಂದು ನಿಲ್ಲಿಸಿದೆವು. ಗಂಡ ಬಗ್ಗಿ ತಳ ನೋಡಿದರು. ನಾನೂ ನೋಡಿದೆ. ಒಣಗಿತ್ತು.

ಆರತಿಯಾದ ಮೇಲೆ ಅತ್ತೆ ಎಲ್ಲರನ್ನೂ ಆಚೆ ಕಳಿಸಿ, ಉಳಿದ ಶಾಸ್ತ್ರ ತಾವೇ ಮುಗಿಸಿ ಬಚ್ಚಲುಮನೆಯ ಬಾಗಿಲು ಎಳೆದುಕೊಂಡು ಬಂದರು. ರಾತ್ರಿ ಜಡಿಮಳೆ ಹಿಡಿಯಿತು. ಕರೆಂಟು ಹೋಯಿತು. ಗಂಡ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದರು. ಬಾಯ್ಲರಿನ ತಳದಲ್ಲಿ ಹನಿ ಬೀಳುವ ಸದ್ದೇ, ಸೂರಿನ ನೀರೇ ಎಂದು ನಾನು ಕಿವಿಗೊಟ್ಟು ಮಲಗಿದ್ದೆ.

ನಸುಕಿಗೆ ಎದ್ದಾಗಲೂ ಕರೆಂಟಿಲ್ಲ. ಅಂದರೆ ಸೋಲಾರಿಗೂ ರಜೆ. ಅಳಿಯನನ್ನು ಮಣೆಯ ಮೇಲೆ ಕೂರಿಸಿ, ಕುಂಕುಮವಿಟ್ಟು, ಅತ್ತೆ ಅವನ ನೆತ್ತಿಗೆ ಎಣ್ಣೆ ಸುರಿದು ತಟ್ಟತೊಡಗಿದರು. ಅವನ ಕಿವಿಯ ಹಿಂದೆ, ಕತ್ತಿನ ಮೇಲೆ ಎಣ್ಣೆ ಹರಿಯುತ್ತಿತ್ತು. ನಾನು ಒಂದು ದೀಪ ಹಿಡಿದು ಬಚ್ಚಲುಮನೆಗೆ ಹೋದೆ. ಗಂಡ ಹಿಂದೆಯೇ ಬಂದರು. ಕಡ್ಡಿ ಜೋಡಿಸಿಟ್ಟಿತ್ತು, ಬೆಂಕಿ ಹಾಕುವ ಮೊದಲು ತುಂಬಿದೆ ಎಂದು ಖಾತ್ರಿಯಾಗಬೇಕು. ನೆಲವೆಲ್ಲ ಸಂಜೆಯ ನೀರಿನಿಂದ ಒದ್ದೆಯಾಗಿದ್ದರಿಂದ ತಳ ನೋಡಿ ಏನೂ ತಿಳಿಯುವಂತಿರಲಿಲ್ಲ. ಇದ್ದ ಪರೀಕ್ಷೆ ಒಂದೇ. ಆಲಿಕೆಗೆ ಒಂದು ಚೆಂಬು ಸುರಿಯುವುದು. ತುಂಬಿದ್ದರೆ ಸೊಂಡಿಲಿನಿಂದ ತಕ್ಷಣ ಬರಬೇಕು.

ಆಲಿಕೆಯ ಮುಚ್ಚಳ ತೆಗೆದು ಗಂಡ ಒಂದು ಚೆಂಬು ಸುರಿದರು. ನೀರು ಗುಳುಕ್ಕೆಂದು ಒಳಗೆ ಹೋಯಿತು.

ಸೊಂಡಿಲಿನಿಂದ ಏನೂ ಬರಲಿಲ್ಲ.

ಗೆದ್ದವರು ಏನಾದರೂ ಅನ್ನುತ್ತಾರೆಂದು ಕಾದೆ. ಅವರು ಚೆಂಬನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಸೋರ್ಬಿಟ್ಟಿದೆ ಕಣೇ," ಎಂದರು ಮೆಲ್ಲಗೆ. "ಆ ರೇಡಿಯೇಟ್ರೋನು ಸರಿಯಾಗ್ ಮಾಡಿಲ್ಲ."

"ಗೋಡೆಗೆ ಅಳತೆ ಹಿಡ್ಕೊಳ್ಳಿ ಹಾಗಾದ್ರೆ."

"ಈಗ್ಯಾಕೆ ಅದು? ಅಳಿಯ ಎಣ್ಣೆ ಹಚ್ಕೊಂಡ್ ಕೂತವ್ನೆ. ಅವ್ನಿಗೇನು ಮಾಡೋದು?"

ಒಳಗಿಂದ ಅತ್ತೆಯ ಕೂಗು: "ನೀರು ಕಾಯ್ತೇನ್ರೋ? ಹುಡುಗ ಎಣ್ಣೆಗಾಯಿ ಆಗವ್ನೆ!"

"ಪರ್ವಾಗಿಲ್ಲ ಅಜ್ಜಿ," ಎಂದ ಅಳಿಯ. ಅವನಿಗೆ ಬೇರೆ ಮಾತೇ ಬರುವುದಿಲ್ಲ.

ಗ್ಯಾಸ್ ಒಲೆಯ ಮೇಲೆ ಪಾತ್ರೆ ಇಡುತ್ತೇನೆ ಎಂದು ನಾನು ತಿರುಗಿದೆ. ಗಂಡ ಕದಲಲಿಲ್ಲ. "ತಾಳು, ಇನ್ನೊಂದ್ ಚೆಂಬು ನೋಡಣ," ಎಂದು ಬಕೆಟ್ಟಿಗೆ ಚೆಂಬು ಅದ್ದಿ ಮತ್ತೆ ಸುರಿದರು. ಮೂರನೇ ಮಗ್ಗದ ಕನಸು ಕಂಡವರು ಯಾಕೆ ಇನ್ನೊಂದು ಚೆಂಬು ಸುರಿದರೋ ನಾನು ಇವತ್ತಿಗೂ ಕೇಳಿಲ್ಲ.

ಆ ನೀರು ಒಳಗೆ ಹೋಗಲಿಲ್ಲ. ಆಲಿಕೆಯ ಅಂಚು ದಾಟಿ ಅವರ ಎರಡೂ ಪಾದಗಳ ಮೇಲೆ ಸುರಿಯಿತು. ನಸುಕಿನ ತಣ್ಣೀರು. ಅವರು ಎಗರಿದ ಎಗರಿಗೆ ನನ್ನ ಕೈಯ ದೀಪ ಆರಿಹೋಗುವುದರಲ್ಲಿತ್ತು.

"ತುಂಬಿದೆ!" ಎಂದೆ.

"ತುಂಬಿದ್ರೆ ಆ ಕಡೆಯಿಂದ ಯಾಕೆ ಬರ್ಲಿಲ್ಲ?"

ದೀಪ ಸೊಂಡಿಲಿನ ಹತ್ತಿರ ಹಿಡಿದೆ. ಹಾಗಲಬಳ್ಳಿಯ ಎಲೆ ಸರಿಸಿದರೆ ಸೊಂಡಿಲಿನ ಬಾಯಿಯಲ್ಲಿ ಒಂದು ದಪ್ಪ ಚೆಂಡುಹೂವು. ಹೂವಿನ ಹಿಂದೆ ಅರಿಶಿನ ಹಾಕಿ ಗಟ್ಟಿಯಾಗಿ ಕಲಸಿದ ಹಿಟ್ಟಿನ ಉಂಡೆ. ಉಂಡೆಯನ್ನು ಬಿರಡೆಯಂತೆ ಒಳಕ್ಕೆ ಒತ್ತಲಾಗಿತ್ತು. ರಾತ್ರಿಯೆಲ್ಲ ಒಣಗಿ ಕಲ್ಲಾಗಿತ್ತು.

"ಅತ್ತೆ," ಎಂದು ಕೂಗಿದೆ, "ಸೊಂಡಿಲಿಗೆ ಏನಿಟ್ಟಿದ್ದೀರಿ?"

"ಹೂವು ಕಣಮ್ಮ. ತುಂಬಿದ ನೀರಿನ ಬಾಯಿ ತೆರೆದಿಡ್ಬಾರ್ದು. ಕೊಡಕ್ಕೆಲ್ಲಾ ತಟ್ಟೆ ಮುಚ್ಚಿದೆ, ಆಲಿಕೆಗೆ ಮುಚ್ಚಳ ಹಾಕ್ದೆ. ಅದೊಂದು ಬಾಯಿ ಬಿಟ್ಕೊಂಡೇ ಇತ್ತು. ಹಿಟ್ಟು ಮೆತ್ತಿ ಮುಚ್ದೆ. ಯಾಕೆ, ಬಿದ್ದೋಯ್ತಾ?"

ಬಿದ್ದಿರಲಿಲ್ಲ. ಆಲಿಕೆಯ ಬಾಯಿ ಸೊಂಡಿಲಿಗಿಂತ ಒಂದು ಗೇಣು ಮೇಲಿದೆ. ಮೊದಲ ಚೆಂಬು ಆಲಿಕೆಯ ಹೊಟ್ಟೆಯಲ್ಲೇ ಕೂತುಬಿಟ್ಟಿತ್ತು. ಕತ್ತಲಲ್ಲಿ ನಮಗೆ ಕಂಡಿರಲಿಲ್ಲ. ಗಂಡ ಬಗ್ಗಿ ಸ್ಕ್ರೂಡ್ರೈವರಿನ ತುದಿಯಿಂದ ಉಂಡೆಯನ್ನು ಮೀಟಿದರು. ಹೂವು ಸಮೇತ ಅದು ಪಟ್ಟೆಂದು ಹಾರಿ, ಕಟ್ಟಿನಿಂತಿದ್ದ ನೀರು ಅವರ ಎದೆಗೆ ಬಡಿಯಿತು. ಅಲ್ಲಿಗೆ ಅವರ ಅರ್ಧ ಸ್ನಾನ ಅಳಿಯನಿಗಿಂತ ಮೊದಲೇ ಆಯಿತು.

ಸೊಂಡಿಲಿನಿಂದ ನೀರು ಧಾರೆಯಾಗಿ ಸುರಿದು, ಸಣ್ಣದಾಗಿ, ಹನಿಯಾಗಿ, ನಿಂತಿತು. ನಿಂತದ್ದು ಸರಿಯಾಗಿ ಸೊಂಡಿಲಿನ ಮಟ್ಟಕ್ಕೆ. ರಾತ್ರಿಯಿಡೀ ಒಂದು ಹನಿಯೂ ಕಮ್ಮಿಯಾಗಿರಲಿಲ್ಲ.

ನಾನು ಬೆಂಕಿ ಹಾಕಿದೆ. ದ್ರಾಕ್ಷಿಬಳ್ಳಿ ಭಗ್ಗೆಂದಿತು, ಹಿಪ್ಪುನೇರಳೆ ಹಿಡಿದುಕೊಂಡಿತು. ಚುಸ್ ಎಂಬ ಸದ್ದು ಬರಲಿಲ್ಲ. ಅಳಿಯ ಬಂದು ಕೂತಾಗ ಗಂಡ ಒದ್ದೆ ಬನಿಯನ್ನಿನಲ್ಲೇ ಆಲಿಕೆಯ ಪಕ್ಕ ನಿಂತು ತಣ್ಣೀರು ಸುರಿದರು. ಈ ಕಡೆ ನಾನು ಬಿಸಿನೀರು ಹಿಡಿದುಕೊಟ್ಟೆ. ಆಚೆಯಿಂದ ಮಗಳು "ಅಪ್ಪಾ, ಅವರಿಗೆ ಇಷ್ಟು ಬಿಸಿ ತಡ್ಕೊಳ್ಳೋಕಾಗಲ್ಲ" ಎಂದು ಕೂಗಿದಳು. ಅಳಿಯ ಕೆಂಪಗಾಗಿ "ಪರ್ವಾಗಿಲ್ಲ ಮಾವ" ಎಂದ.

ಹಬ್ಬ ಮುಗಿದು ಮಕ್ಕಳು ಹೊರಟ ಮೇಲೆ ಗಂಡ ಮಾತಿನಂತೆ ಏಣಿ ಹತ್ತಿ ಚಿಮಣಿಗೆ ಪೈಪು ಜೋಡಿಸಿದರು. ಅದು ಸ್ವಲ್ಪ ವಾಲಿದೆ. ಹೊಗೆ ಈಗ ಶೆಡ್ಡಿನ ಮೇಲಿಂದ ಹಾದು ಹೋಗುತ್ತದೆ. ಹೋಗಿ ಎಲ್ಲಿ ಬೀಳುತ್ತದೆ ಎಂಬ ಬಗ್ಗೆ ಪಕ್ಕದ ಮನೆಯವರು ಇನ್ನೂ ತಕರಾರು ಎತ್ತಿಲ್ಲ. ಮೂರನೇ ಮಗ್ಗಕ್ಕೆ ಅವರು ಈಗ ಶೆಡ್ಡಿನ ಆಚೆ ಬದಿಯ ಗೋಡೆಯನ್ನು ಅಳೆಯುತ್ತಿದ್ದಾರೆ. ಆ ಕಡೆ ಇರುವುದು ಅತ್ತೆಯ ಕೋಣೆ. ಆ ಪ್ರಕರಣಕ್ಕೆ ನಾನು ಕೈ ಹಾಕುವುದಿಲ್ಲ.

ಪೈಪು ಜೋಡಿಸಿದ ಮರುದಿನ ಬೆಳಗ್ಗೆ ಎಂದಿನಂತೆ ಮಣೆ ಹಾಕಿಕೊಂಡು ಬೆಂಕಿಯ ಮುಂದೆ ಕೂತಿದ್ದೆ. ಗಂಡ ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈಯಲ್ಲಿ ಇನ್ನೊಂದು ಮಣೆ ಹಿಡಿದು ಬಂದು ಬಾಗಿಲಲ್ಲಿ ನಿಂತರು.

"ಹೊಗೆ ಸರಿಯಾಗಿ ಹೋಗುತ್ತಾ ನೋಡಣ ಅಂತ ಬಂದೆ."

"ಹೊಗೆ ಕಾಣೋದು ಆಚೆ ರೀ. ಹಿತ್ತಲಲ್ಲಿ ನಿಂತು ನೋಡಿ."

ಅವರು ಮಣೆಯನ್ನು ಅಲ್ಲೇ ಬಾಗಿಲ ಪಕ್ಕ ಒರಗಿಸಿಟ್ಟು, ಲೋಟ ಹಿಡಿದುಕೊಂಡು ಹಿತ್ತಲಿಗೆ ಹೋದರು. ಮಣೆ ಇನ್ನೂ ಅಲ್ಲೇ ಇದೆ. ನಾನು ತೆಗೆದಿಟ್ಟಿಲ್ಲ.